ಎಡ ಮೂಲೆಯ ಅಯ್ಯನೋರು

ಕಾಶಪ್ಪನ ಮುತ್ತಜ್ಜ ಬಸವಂತಪ್ಪ ಸೀರೆಯ ಗಂಟನ್ನು ತಲೆಯ ಮೇಲೆ ಹೊತ್ತು ಇಳಕಲ್ಲಿನಿಂದ ಮುದಗಲ್ಲ ದಾಟಿ ಲಿಂಗಸೂಗೂರಿನ ಸಂತೆಗೆ ನಡೆದೇ ಹೋಗುತ್ತಿದ್ದವನು. ಒಮ್ಮೆ ದಾರಿಯಲ್ಲಿ ಕಳ್ಳರು ಅಡ್ಡಗಟ್ಟಿದಾಗ ಗಂಟನ್ನು ನೆಲಕ್ಕಿಟ್ಟು ಅದರ ಮೇಲೆ ಪದ್ಮಾಸನ ಹಾಕಿ ಕೂತು, "ಮೊದಲ ನನ್ನ ಎಬ್ಬಸ್ರಿ, ಆಮ್ಯಾಗ ಗಂಟ ಒಯ್ಯಿರಿ" ಎಂದನಂತೆ. ಎಳೆದರು, ನೂಕಿದರು, ಬೈದರು. ಆಸಾಮಿ ಅಲುಗಲಿಲ್ಲ. ಕಡೆಗೆ ಕಳ್ಳರೇ ದಣಿದು, ಅವನ ಬಳಿಯೇ ತಂಬಾಕು ಕೇಳಿ ಹಾಕಿಕೊಂಡು, ತಮ್ಮ ದಾರಿ ಹಿಡಿದರಂತೆ. ಅವನ ಮಗ ಈರಸಂಗಪ್ಪನ ಕಾಲಕ್ಕೆ ಹಳ್ಳ ಉಕ್ಕಿ ಓಣಿಯ ಕುಣಿಮಗ್ಗಗಳೆಲ್ಲ ಬಾವಿಗಳಾದವು. ಈರಸಂಗಪ್ಪ ತನ್ನ ಮನೆಯ ಕುಣಿಯನ್ನು ತುಂಬಿದ ಹಾಗೇ ಬಿಟ್ಟು, ಗಂಡಸರಿಲ್ಲದ ಮನೆಗಳ ನೀರನ್ನು ಮೊದಲು ಎತ್ತಿ ಹೊರಗೆ ಚೆಲ್ಲಿದ. ಈರಸಂಗಪ್ಪನ ಮಗ ಶಿವಸಂಗಪ್ಪ ಹುತುತು ಆಟದ ಹುಲಿ; ಕಬಡ್ಡಿಗೆ ಆಗ ಅದೇ ಹೆಸರು. ಬಾದಾಮಿಯವರ ಮೇಲೆ ಆಡುವಾಗ ಭುಜದ ಎಲುಬು ಜಾರಿದರೂ ಹಿಡಿದ ಕಾಲನ್ನು ಬಿಡಲಿಲ್ಲ. ಆಟ ಮುಗಿದ ಮೇಲೆ ಅವನ ಬೆರಳು ಬಿಡಿಸುವುದಕ್ಕೇ ಇಬ್ಬರು ಬೇಕಾದರು ಎಂದು ಇಳಕಲ್ಲಿನ ಹಳಬರು ಇಂದಿಗೂ ಹೇಳುತ್ತಾರೆ.

ಈ ಮೂವರ ಮೊಂಡುತನವನ್ನೂ ಒಂದೇ ಮೈಯಲ್ಲಿ ಹೊತ್ತು ಹುಟ್ಟಿದವನು ಶಿವಸಂಗಪ್ಪನ ಮಗ ಕಾಶಪ್ಪ. ಓದಿದ್ದು ನಾಲ್ಕನೆಯ ಇಯತ್ತೆ. ಉಳಿದದ್ದನ್ನೆಲ್ಲ ಕಣ್ಣಿನಿಂದ ಕಲಿತ. ಈಗ ಅರವತ್ತೇಳರ ವಯಸ್ಸು. ಮೀಸೆ ಬೆಳ್ಳಗಾಗಿದೆ, ಬೆನ್ನು ನೆಟ್ಟಗಿದೆ, ಮಾತು ಖಾರವಾಗಿದೆ. ಓಣಿಯಲ್ಲಿ ಅರ್ಧಕ್ಕರ್ಧ ಜನ ವಿದ್ಯುತ್ ಮಗ್ಗಕ್ಕೆ ಹೋದರೂ ಕಾಶಪ್ಪ ತನ್ನ ಕುಣಿಮಗ್ಗ ಬಿಟ್ಟಿಲ್ಲ. ಕುಣಿಮಗ್ಗವೆಂದರೆ ನೆಲದಲ್ಲಿ ಒಂದು ಗುಂಡಿ; ನೇಯುವವನು ಗುಂಡಿಯ ಅಂಚಿಗೆ ಕೂತು ಕಾಲನ್ನು ಒಳಗೆ ಇಳಿಬಿಟ್ಟು ತುಳಿಯುತ್ತಾನೆ. ಹಾಗೆ ಕೂತವನ ಕಣ್ಣು ನೆಲಕ್ಕೆ ಹತ್ತಿರ. ಬಾಗಿಲಿಗೆ ಯಾರು ಬಂದರೂ ಅವನಿಗೆ ಮೊದಲು ಕಾಣುವುದು ಮುಖವಲ್ಲ, ಪಾದ. ಬಂದವನು ಬೇಡಲು ಬಂದಿದ್ದಾನೋ ಜಗಳಕ್ಕೆ ಬಂದಿದ್ದಾನೋ ಎಂಬುದನ್ನು ಕಾಶಪ್ಪ ಹೊಸ್ತಿಲ ಮೇಲಿಟ್ಟ ಹೆಬ್ಬೆರಳಿನಿಂದಲೇ ಹೇಳಬಲ್ಲ.

ಕಬಡ್ಡಿಯನ್ನೂ ಆತ ಹಾಗೇ ನೋಡುತ್ತಿದ್ದ. ಕುರ್ಚಿ ಕೊಟ್ಟರೆ ಒಲ್ಲೆ ಎನ್ನುತ್ತಿದ್ದ. ಅಂಕಣದ ಪಕ್ಕ ನೆಲದ ಮೇಲೆ ಕೂತು, ಹಿಡಿಯುವವರ ಪಾದಗಳ ಮೇಲೆ ಕಣ್ಣು ನೆಟ್ಟರೆ ಆಟ ಮುಗಿಯುವ ತನಕ ಎವೆ ಬಡಿಯುತ್ತಿರಲಿಲ್ಲ. ದಾಳಿಗೆ ಬರುವವನನ್ನು ನೋಡಲು ಊರೆಲ್ಲ ಇದೆ, ಹಿಡಿಯುವವನನ್ನು ನೋಡುವವರು ಯಾರಿದ್ದಾರೆ ಎಂಬುದು ಅವನ ವಾದ. ತಾನೂ ಪ್ರಾಯದಲ್ಲಿ ಹಿಡಿಯುವವನೇ ಆಗಿದ್ದ. ಜೀವಮಾನದಲ್ಲಿ ಒಮ್ಮೆಯೂ ದಾಳಿಗೆ ಹೋದವನಲ್ಲ.

ಈ ಕಣ್ಣಿಗೆ ಈ ವರ್ಷ ಒಂದು ಮರ್ಯಾದೆ ಬಂತು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ, ಗುಡೂರು, ಹೀಗೆ ಊರಿಗೊಂದು ತಂಡ ಕಟ್ಟಿ ವ್ಯಾಪಾರಸ್ಥರು ಒಂದು ಲೀಗ್ ನಡೆಸಿದರು. ಇಳಕಲ್ಲಿನ ಸಾಲೆಯ ಬಯಲಿನಲ್ಲಿ ನೀಲಿ ಮ್ಯಾಟ್ ಹಾಸಿದರು. ಪುಣೆಯಲ್ಲಿ ತರಬೇತಿ ನಡೆಸುವ ಒಂದು ವೃತ್ತಿಪರ ತಂಡದವರು, ನಿಮ್ಮ ಲೀಗಿನ ಹಿಡಿತಗಾರರಲ್ಲಿ ಮೊದಲ ಮೂವರನ್ನು ಕಳಿಸಿಕೊಡಿ, ನೋಡುತ್ತೇವೆ ಎಂದಿದ್ದರು. ಆ ಮೂವರು ಯಾರೆಂದು ಹೇಳುವ ಹೊಣೆ ಇಬ್ಬರ ಮೇಲೆ ಬಿತ್ತು. ಒಬ್ಬ ಕಾಶಪ್ಪ. ಇನ್ನೊಬ್ಬಳು ಬಾಗಲಕೋಟೆಯ ಸಾಲೆಯಲ್ಲಿ ಆಟ ಕಲಿಸುವ ಅನುರಾಧಾ. ಒಂದು ಕಾಲಕ್ಕೆ ವಿಶ್ವವಿದ್ಯಾಲಯದ ತಂಡದಲ್ಲಿ ದಾಳಿಗೆ ಹೋಗಿ ಹೆಸರು ಮಾಡಿದವಳು. ಪ್ರತಿ ಪಂದ್ಯದ ಪ್ರತಿ ಹಿಡಿತವನ್ನೂ ಫೋನಿನಲ್ಲಿ ಹಾಕಿಕೊಳ್ಳುತ್ತಿದ್ದಳು.

ಲೀಗ್ ಮುಗಿಯಲು ಒಂದು ವಾರವಿರುವಾಗ ಇಬ್ಬರೂ ಬಯಲಿನ ಬೇವಿನ ಗಿಡದ ಕೆಳಗೆ ಚಹಾ ಹಿಡಿದು ಕೂತರು. ಸುತ್ತ ಆಟಗಾರರೂ ಲೀಗಿನ ಹಿರಿಯರೂ ಸೇರಿಕೊಂಡರು.

"ಅಕ್ಕೋರ, ನಿಮ್ಮ ಫೋನಿನಾಗ ಮೊದಲನೇದು ಯಾರು ಬಂದಾನ?" ಎಂದ ಕಾಶಪ್ಪ.

"ಬಾದಾಮಿ ದುರ್ಗಪ್ಪ ರೀ ಕಾಕಾರ. ಎಲ್ಲಾರಕಿಂತ ಹೆಚ್ಚ ಹಿಡದಾನ."

"ಹಿಡೀದ ಏನ್ ಮಾಡ್ತಾನ? ಬಂದಾವ್ರೆಲ್ಲಾ ಅವನ ಕಡೇನ ಬರ್ತಾರ. ಸೋವಿ ಅಂಗಡಿ ಅಂತ ಗೊತ್ತಾಗೇತಿ ಎಲ್ಲಾರಿಗೂ. ನಾಕ ಮಂದಿ ಹಿಡೀತಾನ, ಆರ ಮಂದಿ ಮುಟ್ಟಿ ಹೋಗ್ತಾರ. ನಿಮ್ಮ ಫೋನು ನಾಕ ಬರಕೋತೈತಿ, ಆರ ನುಂಗತೈತಿ."

"ನುಂಗೂದಿಲ್ರಿ. ಆರನ್ನೂ ಹಾಕೇನಿ, ಭಾಗಿಸಿ ನೋಡೇನಿ. ಆದ್ರೂ ಅವನ ಮ್ಯಾಲ ಬರ್ತಾನ. ನಿಮ್ಮ ಲೆಕ್ಕ ಏನೈತಿ ಅದನ್ನರ ಹೇಳ್ರಿ."

"ನನ್ನ ಲೆಕ್ಕ ಒಂದ ಮಾತಿಂದು. ಯಾವನ ಕಡೆ ಹೋಗಾಕ ರೈಡರನ ಕಾಲು ಏಳೂದಿಲ್ಲೋ, ಅವನ ದೊಡ್ಡಾವ."

"ಹಂಗಾದ್ರ ಮನ್ಯಾಗ ಮಲಕೊಂಡಾವ ಎಲ್ಲಾರಕಿಂತ ದೊಡ್ಡಾವ ಆದ ನೋಡ್ರಿ. ಅವನ ಕಡೆ ಯಾವ ರೈಡರೂ ಹೋಗೂದಿಲ್ಲ."

ಆಟಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಶಪ್ಪನಿಗೂ ನಗು ಬಂತು, ಆದರೆ ಮೀಸೆಯ ಅಡಿಯಲ್ಲೇ ಅದನ್ನು ಮುಚ್ಚಿಕೊಂಡ.

"ನೀವು ರೈಡ್ ಹೋದಾಕಿ, ಹಿಡಿಯಾವ್ರ ಹೊಟ್ಟಿ ಉರಿ ನಿಮಗ ತಿಳಿಯೂದಿಲ್ಲ. ಹುನಗುಂದದ ಆಸಿಫನ್ನ ನೋಡ್ರಿ. ಅವರ ಮೂಲಿಯಾವ ಕಾಲ ಹಿಡೀತಾನ. ಬಂದಾವ ಹಿಡದಾವನ್ನೂ ಎಳಕೊಂಡು ಗೆರಿ ಕಡೆ ಹೊಂಟಿರ್ತಾನ. ಅಷ್ಟರಾಗ ಆಸಿಫ ಬಂದು ಎದಿ ಕೊಡ್ತಾನ. ಆಗ ನಿಲ್ತಾನ ಬಂದಾವ. ಪಾಯಿಂಟ್ ಯಾರ ಹೆಸರಿಗೆ ಹಾಕಿದ್ರಿ?"

ಅನುರಾಧಾ ಫೋನನ್ನು ಮೇಲೆ ಕೆಳಗೆ ಸರಿಸಿದಳು. "ಮೂಲಿಯಾವನ ಹೆಸರಿಗೆ ರೀ."

"ಮತ್ತ?"

ಅವಳು ಸುಳ್ಳು ಹಟ ಮಾಡುವವಳಲ್ಲ. "ಅದು ಖರೆ ಐತ್ರಿ. ಎರಡನೇ ಕೈ ನಾ ಬರದಿಲ್ಲ. ಪಂದ್ಯದ ವಿಡಿಯೋ ಅದಾವು, ಮತ್ತೊಮ್ಮಿ ಕುಂತು ನೋಡ್ತೇನಿ" ಎಂದಳು.

ಆಸಿಫನ ಮಾತು ಅಲ್ಲಿಗೆ ಇತ್ಯರ್ಥವಾಯಿತು. ಜಟಾಪಟಿ ಹತ್ತಿದ್ದು ಗುಡೂರು ತಂಡದ ಎಡ ಮೂಲೆಯ ಹಿಡಿತಗಾರ ಶಿವಪುತ್ರಯ್ಯನ ಮೇಲೆ. ಗುಡೂರಿನ ಆಚೆಯ ಒಂದು ಸಣ್ಣ ಮಠದ ಮನೆತನದವನು. ಇಪ್ಪತ್ತಮೂರರ ಪ್ರಾಯ. ರಾಮಥಾಳದ ಏತ ನೀರಾವರಿಯಲ್ಲಿ ಪಂಪು ನಡೆಸುವ ಗುತ್ತಿಗೆಯ ಕೆಲಸ. ಹಣೆಗೆ ವಿಭೂತಿ ಹಚ್ಚಿ ಮ್ಯಾಟಿಗೆ ಇಳಿದರೆ ನೋಡುವವರು ಕೂಡ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದರು. ಸಣ್ಣವರಿಂದ ದೊಡ್ಡವರ ತನಕ ಎಲ್ಲರಿಗೂ ಆತ ಅಯ್ಯನೋರು. ಅನುರಾಧಾಳ ಫೋನಿನಲ್ಲಿ ಅವನು ಹನ್ನೊಂದನೆಯವನು. ಕಾಶಪ್ಪನ ಲೆಕ್ಕದಲ್ಲಿ ಒಂದನೆಯವನು.

"ಅವ್ರು ಹಿಡದದ್ದ ಬೆರಳೆಣಿಕಿ ರೀ ಕಾಕಾರ."

"ಹಿಡಿಯಾಕ ಬಂದ್ರಲ್ಲ ಹಿಡಿಯೂದು? ಇಡೀ ಲೀಗಿನಾಗ ಅಯ್ಯನೋರ ಕಡೆ ಯಾವನರ ಕಾಲು ಎತ್ಯಾನ? ಮೂಲಿ ಅಂದ್ರ ಕಾಲು ಎತ್ತೂ ಜಾಗಾ. ಅಲ್ಲಿ ಬಂದು ಕೈ ಅಷ್ಟ ಚಾಚಿ ಓಡಿ ಹೋಗ್ತಾರ. ಅಂಜಿಕಿ ಅಕ್ಕೋರ, ಅಂಜಿಕಿ. ನಿಂತ ಜಾಗಾದಾಗ ನಿಂತು ಆಟ ಗೆಲ್ಲಸಾವ ಇವ."

ಮಾತು ಅರ್ಧ ತಾಸು ಎಳೆಯಿತು. ಲೀಗಿನ ಹಿರಿಯರು ಕಾಶಪ್ಪನ ಕಡೆಗೇ ವಾಲಿದರು. ಅನುರಾಧಾ ಕಡೆಗೆ, "ಆತು, ನಿಮ್ಮ ವಯಸ್ಸಿಗೆ ಮರ್ಯಾದಿ ಕೊಟ್ಟು ಒಪ್ಪತೇನ್ರಿ" ಎಂದಳು.

"ವಯಸ್ಸಿಗೆ ಕೊಡಬ್ಯಾಡ್ರಿ. ಆಟಕ್ಕ ಕೊಡ್ರಿ" ಎಂದು ಕಾಶಪ್ಪ ಎದ್ದ. ಆದರೆ ಗೆದ್ದ ಖುಷಿ ಎದೆಯಲ್ಲಿ ತುಂಬಿ, ಮನೆಗೆ ಹೋಗುವಾಗ ನಾಲ್ಕು ಮಂದಿಗೆ ತಾನಾಗಿಯೇ ನಿಂತು ಹೇಳಿದ.

ಮಠದ ಹುಡುಗ ಪುಣೆಗೆ ಹೋಗುವವನು. ಕರೆದು ಊಟಕ್ಕೆ ಹಾಕದಿದ್ದರೆ ಹೇಗೆ? ಗುರುವಾರ ಹೋಳಿಗೆ ಮಾಡಲು ಹೆಂಡತಿ ಅಂಬವ್ವನಿಗೆ ಹೇಳಿದ. ಶಿವಪುತ್ರಯ್ಯ ಪಂಪಿನ ಪಾಳಿ ಮುಗಿಸಿ ಬೈಕಿನ ಮೇಲೆ ಬಂದ. ಅಂಬವ್ವ ತಾಮ್ರದ ತಂಬಿಗೆಯಲ್ಲಿ ನೀರು ತಂದಳು, ಕಾಶಪ್ಪ ತಟ್ಟೆ ಹಿಡಿದು ಪಾದದ ಮುಂದೆ ಕೂತ. ಶಿವಪುತ್ರಯ್ಯ ಪಾದ ಹಿಂದಕ್ಕೆ ಎಳೆದುಕೊಂಡ.

"ಬ್ಯಾಡ್ರಿ ಕಾಶಪ್ಪಜ್ಜಾರ."

"ಹಂಗಂದ್ರ ಹೆಂಗ್ರಿ ಅಯ್ಯನೋರ? ನಿಮ್ಮ ಅಜ್ಜಾರ ಪಾದಕ್ಕ ನಮ್ಮಪ್ಪ ನೀರ ಹಾಕ್ಯಾನ."

"ಅದ ತ್ರಾಸ ಆಗೇತ್ರಿ ನನಗ. ಒಂದು ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನನ್ನ ಒಂದನೇದಕ್ಕ ಹಾಕೀರಿ ಅಂತ ಗೊತ್ತಾತು. ಯಾಕ ಹಾಕಿದ್ರಿ?"

"ಹಾಕದ ಮತ್ತೇನು? ನಿಮ್ಮ ಕಡೆ ಕಾಲು ಎತ್ತಾಕ ಅಂಜತಾರ ಎಲ್ಲಾರು."

"ಅಂಜೂದಿಲ್ರಿ. ಅಯ್ಯನ ಮೈಗೆ ಕಾಲು ತಾಗಿದ್ರ ಪಾಪ ಅಂತ ಎತ್ತೂದಿಲ್ಲ. ಮೂರು ವರ್ಷ ಆತು ನಾ ಆಡಾಕತ್ತು, ಖರೆ ಮನಸಿನಿಂದ ನನ್ನ ಒಬ್ಬರೂ ಒದ್ದಿಲ್ಲ."

ಅಂಬವ್ವ ತಂಬಿಗೆ ಹಿಡಿದೇ ನಿಂತಿದ್ದಳು. "ಅಯ್ಯ ಶಿವನ, ಒದಿಸಿಕೊಳ್ಳಾಕ ಅಳಾವ್ರನ್ನ ಇವತ್ತ ನೋಡಿದೆ ನೋಡ್ರಿ" ಎಂದಳು.

ಶಿವಪುತ್ರಯ್ಯ ನಕ್ಕ. ಆದರೆ ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. "ಅಳೂದ ಬಂದೈತ್ರಿ ಅವ್ವಾರ. ಪುಣೆಕ್ಕ ದೂರದೂರದಿಂದ ರೈಡರ್ ಬರ್ತಾರ. ನಾ ಯಾವ ಮಠದಾವ ಅಂತ ಅವರಿಗೇನ ಗೊತ್ತು? ಮೊದಲನೇ ದಿನ ಎದಿಗಿ ಒದ್ದು ಹೋಗ್ತಾರ. ನಾ ಕೈ ಮುಂದ ತರೂದ್ರಾಗ ಗೆರಿ ದಾಟಿರ್ತಾರ. ಸಂಜಿಗೆ ಬಸ್ ಹತ್ತಿಸಿ ಕಳಸ್ತಾರ, ಎರಡನೇ ಸಲ ಕರಿಯೂದಿಲ್ಲ. ಹಂಗ ಹೋಗೂದಕ್ಕಿಂತ ಹೋಗದಿರೂದ ಚಲೋ."

ಕಾಶಪ್ಪ ತಟ್ಟೆಯನ್ನು ಕೆಳಗಿಟ್ಟ. "ಮತ್ತ ನೀವು ಚಲೋ ಕ್ಯಾಚರ್ ಹೌದೋ ಅಲ್ಲೋ?"

"ನನಗೂ ಗೊತ್ತಿಲ್ರಿ. ಅದನ್ನ ಕೇಳಾಕ ಬಂದೇನಿ."

ಊಟ ಆಯಿತು. ಹೋಳಿಗೆಯೂ ಚೆನ್ನಾಗಿತ್ತು. ಅತಿಥಿ ಹೋದ ಮೇಲೆ ಕಾಶಪ್ಪ ಮಗ್ಗಕ್ಕೆ ಕೂತ, ಲಾಳಿ ಎಸೆದ, ಎರಡು ಎಳೆ ಹಾಕುವುದರಲ್ಲಿ ನಿಲ್ಲಿಸಿದ. ಇಷ್ಟು ವರ್ಷ ಹಿಡಿಯುವವರ ಪಾದ ನೋಡಿ ನೋಡಿ ಕಣ್ಣು ಸವೆಸಿದವನು, ಬರುವವನ ಪಾದ ಯಾಕೆ ನಿಂತಿತೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳುವುದಾದರೂ ಹೇಗೆ? ಅಯ್ಯನೋರ ಕಡೆಗೆ ಕಾಲು ಚಾಚಬಾರದೆಂಬುದು ಅವನ ಮೈಯೊಳಗೆ ಉಸಿರಿನ ಹಾಗೆ ಇದ್ದದ್ದು. ಉಸಿರಾಡುವುದನ್ನು ಯಾರು ಲೆಕ್ಕ ಇಡುತ್ತಾರೆ? ಮ್ಯಾಟಿನ ಮೇಲೆ ಎಲ್ಲರೂ ಕಾಲು ತಡೆದಾಗ ಅದು ಸರಿಯಾಗಿಯೇ ಕಂಡಿತ್ತು, ಸರಿ ಕಂಡದ್ದಕ್ಕೆ ಅಂಜಿಕೆ ಎಂಬ ಹೆಸರು ಇಟ್ಟಿದ್ದ.

"ಎಷ್ಟೊತ್ತ ಹಂಗ ಕುಂದರಾವ್ರು?" ಎಂದಳು ಅಂಬವ್ವ. "ತಪ್ಪಾತು ಅಂದ್ರ ತಪ್ಪಾತು ಅನ್ರಿ. ಮೀಸಿ ಉದುರೂದಿಲ್ಲ."

"ತಪ್ಪು ಅನಾಕ ತಯಾರ ಅದೇನಿ. ಆದ್ರ ಮೊದಲ ಖಾತ್ರಿ ಮಾಡಕೋತೇನಿ."

ಮರುದಿನ ಊರ ಹೊರಗಿನ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಗೆ ಹೋದ. ಹುನಗುಂದ ತಂಡದ ಪ್ರಮುಖ ದಾಳಿಗಾರ ಸಲ್ಮಾನ ಅಲ್ಲಿ ಕೆಲಸಕ್ಕಿದ್ದ. ಮೈಯೆಲ್ಲ ಕೆಂಪು ಕಲ್ಲಿನ ಹುಡಿ. ಕಣ್ಣು ಹಲ್ಲು ಅಷ್ಟೇ ಬೆಳ್ಳಗೆ ಕಾಣುತ್ತಿದ್ದವು.

"ಲೇ ಸಲ್ಮಾನ್ಯಾ, ಖರೆ ಹೇಳು. ಗುಡೂರ ಮ್ಯಾಲಿನ ಪಂದ್ಯದಾಗ ಎಡ ಮೂಲಿಗೆ ಕಾಲ ಯಾಕ ಎತ್ತಲಿಲ್ಲ ನೀ?"

ಸಲ್ಮಾನ ಕೈಯ ಹುಡಿ ಒರೆಸಿಕೊಂಡ. "ಮಾಮಾ, ಅಲ್ಲಿ ಅಯ್ಯನೋರು ಇದ್ರಲ್ಲ."

"ಇದ್ರ ನಿನಗೇನಾತಲೇ?"

"ಏನಾತು ಅಂತ ಕೇಳ್ತೀರಿ? ನಾ ಸಣ್ಣಾವಿದ್ದಾಗ ಜ್ವರ ಇಳೀದಿದ್ರ ನಮ್ಮವ್ವ ಗುಲಾಬಬಿ ಆ ಮಠಕ್ಕ ಒಯ್ದು ಹಣಿಗೆ ಅಂಗಾರದ ಬೂದಿ ಹಚ್ಚಿಸಿಕೊಂಡು ಬರತಿದ್ಲು. ಆ ಮನಿತನದಾವ್ರಿಗೆ ಕಾಲು ಎತ್ತಿದೆ ಅಂತ ಗೊತ್ತಾದ್ರ ಮನ್ಯಾಗ ರೊಟ್ಟಿ ಹಾಕೂದಿಲ್ಲ ಆಕಿ. ಕೈ ಹಾಕೇನಿ, ಮುಟ್ಟಿದ್ರ ಮುಟ್ಟೇನಿ. ಕಾಲು ಆಗೂದಿಲ್ರಿ ಮಾಮಾ. ನನ್ನದೊಂದ ಅಲ್ಲ, ಎಲ್ಲಾರದೂ ಅದ ಹಾಡು."

ಕಾಶಪ್ಪ ಅಲ್ಲಿಂದಲೇ ಅನುರಾಧಾಳಿಗೆ ಫೋನು ಹಚ್ಚಿದ. "ಅಕ್ಕೋರ, ನನ್ನ ಲೆಕ್ಕ ತಪ್ಪೈತಿ" ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದ. ಆಮೇಲೆ "ನಿಮ್ಮದೂ ತಪ್ಪೈತಿ" ಎಂದು ಸೇರಿಸಿದ.

"ನಂದ ಹೆಂಗ್ರಿ ಕಾಕಾರ?"

"ಯಾರೂ ಕಾಲೆತ್ತಿ ಆಡದಾವನ ಮುಂದ ಬೆರಳೆಣಿಕಿ ಬರದು ಹನ್ನೊಂದನೇ ನಂಬರ ಕೊಟ್ರಿ. ನಾನೂ ಯಾರೂ ಆಡದಾವನ್ನ ನೋಡಿ ಒಂದನೇದು ಕೊಟ್ಟೆ. ಇಬ್ಬರೂ ಅವನ ಆಟ ನೋಡಿಲ್ಲ."

ಅನುರಾಧಾ ಸಣ್ಣಗೆ ನಕ್ಕಳು. "ಲೀಗ್ ಶುರು ಆದ ದಿನ ನಾನೂ ಅವ್ರ ಕಾಲ ಮುಟ್ಟಿ ನಮಸ್ಕಾರ ಮಾಡೇನ್ರಿ. ಎಲ್ಲಾ ಆಟಗಾರರ ಮುಂದ."

ಶನಿವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಒಂದು ಅಭ್ಯಾಸದ ಆಟ ಇಡೋಣ, ಒಳ್ಳೆಯ ದಾಳಿಗಾರರನ್ನೆಲ್ಲ ಶಿವಪುತ್ರಯ್ಯನ ಮೇಲೆ ಬಿಡೋಣ, ಆಗ ಕಂಡದ್ದನ್ನೇ ಬರೆಯೋಣ ಎಂದು ಗೊತ್ತು ಮಾಡಿದರು. ಪುಣೆಯವರಿಗೆ ಹೆಸರು ಕಳಿಸುವುದು ಸೋಮವಾರ. ಅದಕ್ಕಿಂತ ಬೇರೆ ದಿನ ಉಳಿದಿರಲಿಲ್ಲ.

ಶನಿವಾರ ಎಲ್ಲರೂ ಬಂದರು. ಶಿವಪುತ್ರಯ್ಯ ಎಡ ಮೂಲೆಯಲ್ಲಿ ನಿಂತ. ಅವನ ಬಲಕ್ಕೆ ಒತ್ತಾಸೆಯಾಗಿ ಆಸಿಫ. ಅನುರಾಧಾ ಸೀಟಿ ಕೊರಳಿಗೆ ಹಾಕಿಕೊಂಡು ಎಲ್ಲರಿಗೂ ತಿಳಿಸಿ ಹೇಳಿದಳು. ಶಿವಪುತ್ರಯ್ಯನೂ ಕೈಮುಗಿದು, "ಒದಿರಿ ಅಂತ ನಾನ ಕೇಳಾಕತ್ತೇನ್ರಪ್ಪಾ. ಪಾಪ ಬಂದ್ರ ನನಗ ಬರ್ಲಿ" ಎಂದ.

ದಾಳಿಗಾರರು ತಲೆಯಾಡಿಸಿದರು. ಮೊದಲು ಸಲ್ಮಾನ ಹೋದ. ಮೂಲೆಯ ತನಕ ಚಿರತೆಯ ಹಾಗೆ ಹೋದವನ ಕಾಲು, ಅಯ್ಯನೋರ ಎದುರಿಗೆ ಬಂದಕೂಡಲೇ ಮೊಳೆ ಹೊಡೆದ ಹಾಗೆ ನಿಂತುಬಿಟ್ಟಿತು. ಕೈ ಚಾಚಿ ತಿರುಗಿ ಬಂದ. ಬಾದಾಮಿಯವನು ಹೋದ. ಕಾಲು ಎತ್ತಿದ, ಆದರೆ ಗಾಳಿಗೆ ಒದ್ದು ಬಂದ. ಬಾಗಲಕೋಟೆಯವನು ಹೊರಡುವ ಮೊದಲೇ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಹಾಗೆ ಹೊರಟವನಿಂದ ಏನಾದೀತು?

ಶಿವಪುತ್ರಯ್ಯನ ಮುಖ ಬಾಡುತ್ತ ಬಂತು. "ಬಿಡ್ರಿ ಅಕ್ಕೋರ. ಹನ್ನೊಂದನೇದ ಇರ್ಲಿ" ಎಂದು ಮ್ಯಾಟಿನಿಂದ ಹೊರಗೆ ಹೆಜ್ಜೆ ಹಾಕಿದ.

"ಎಲ್ಲಿ ಹೊಂಟ್ರಿ? ನಿಂದರ್ರಿ ನಿಮ್ಮ ಜಾಗಾದಾಗ" ಎಂದು ಕಾಶಪ್ಪ ಗದರಿದ. ನೆಲದಿಂದ ಎದ್ದು ಧೋತರದ ಚುಂಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡ. ಟೊಪ್ಪಿಗೆಯನ್ನು ತೆಗೆದು ಅನುರಾಧಾಳ ಕೈಗೆ ಕೊಟ್ಟ.

"ಏನ್ ಮಾಡ್ತೀರಿ ಕಾಕಾರ?"

"ರೈಡ್ ಹೋಗ್ತೇನಿ."

"ಮಾಮಾ, ಎಲುಬು ಅದಾವ ಎಲ್ಲಾ ಜಾಗಾದಾಗ, ಎಣಿಸಿಕೊಂಡು ಹೋಗ್ರಿ" ಎಂದ ಸಲ್ಮಾನ.

ಕಾಶಪ್ಪ ನಡುಗೆರೆ ದಾಟಿ "ಹುತುತುತುತು" ಎಂದು ಉಸಿರು ಹಿಡಿದ. "ಈಗ ಕಬಡ್ಡಿ ಅನಬೇಕ್ರಿ" ಎಂದು ಅನುರಾಧಾ ಕೂಗಿದಳು. ಉಸಿರು ಹಿಡಿದವನು ಉತ್ತರ ಕೊಡುವ ಹಾಗಿಲ್ಲ. ಕಣ್ಣು ಕೆಕ್ಕರಿಸಿ ನೋಡಿ ಮುಂದೆ ಸರಿದ. ಮೂಲೆಗೆ ಬಂದ. ಎದುರಿಗೆ ಶಿವಪುತ್ರಯ್ಯನ ಎರಡು ಪಾದ. ಮೊನ್ನೆ ತಟ್ಟೆ ಹಿಡಿದು ಕೂತದ್ದು ಈ ಪಾದಗಳ ಮುಂದೆಯೇ. ತನ್ನ ಬಲಗಾಲು ನೂರು ಕೆಜಿಯಷ್ಟು ಭಾರವಾಯಿತು. ಅರವತ್ತು ವರ್ಷ ನಮಸ್ಕಾರಕ್ಕೆ ಬಾಗಿದ ಮೈ ಅಲ್ಲೂ ಬಾಗಲು ನೋಡಿತು. ಕಾಶಪ್ಪ ಹಲ್ಲು ಕಚ್ಚಿ ಕಾಲೆತ್ತಿ ಬೀಸಿದ. ಹಿಮ್ಮಡಿ ಹೋಗಿ ಶಿವಪುತ್ರಯ್ಯನ ಮೊಳಕಾಲಿನ ಮೇಲೆ ಟಪ್ಪೆಂದು ಕೂತಿತು.

ಕಾಶಪ್ಪ ಓಡಲಿಲ್ಲ, ಓಡಲಾರ. ನಿಧಾನಕ್ಕೆ ನಡೆದು ಬಂದು ಗೆರೆ ಮುಟ್ಟಿದ. ಶಿವಪುತ್ರಯ್ಯ ಎರಡು ಕೈಯನ್ನೂ ಅರ್ಧಕ್ಕೆ ಚಾಚಿ, ಹಿಡಿಯದೆ ಹಾಗೇ ನಿಂತಿದ್ದ.

"ಔಟ್ ಆದ್ರಿ ಅಯ್ಯನೋರ" ಎಂದ ಕಾಶಪ್ಪ, ಉಸಿರು ತಿರುಗಿಸಿಕೊಳ್ಳುತ್ತ. "ಮುದಕನ ಕಾಲು. ಎತ್ತಿದ್ದು ಮೊಳ ಎತ್ತರ. ಅದನ್ನ ಹಿಡೀಲಿಲ್ಲ ನೀವು. ಯಾಕ?"

"ನೀವು ಹಿರ್ಯಾರು ರೀ. ಎಳದ್ರ ಬೀಳ್ತೀರಿ ಅಂತ."

"ಇವ್ರು ನಿಮ್ಮ ಮಠ ನೋಡಿದ್ರು, ನೀವು ನನ್ನ ಬಿಳಿ ಮೀಸಿ ನೋಡಿದ್ರಿ. ಮತ್ತ ಇವ್ರ ಮ್ಯಾಲ ಯಾಕ ದೂರ ಹೇಳ್ತೀರಿ? ಮ್ಯಾಟಿನ ಹೊರಗ ನೀವು ನನಗ ಅಯ್ಯನೋರು, ನಾ ನಿಮಗ ಅಜ್ಜ. ಒಳಗ ನಾ ಬಂದಾವ, ನೀವು ಹಿಡಿಯಾವ. ಮತ್ತ ಬರ್ತೇನಿ. ಈ ಸಲ ಬಿಟ್ರ ನಾನ ನಿಮ್ಮ ಹೆಸರ ಹೊಡದ ಹಾಕ್ತೇನಿ."

ಮತ್ತೆ ಹೋದ. ಈ ಬಾರಿ ಕಾಲು ಅಷ್ಟು ಭಾರವಾಗಲಿಲ್ಲ. ಬೀಸಿದ ಕಾಲು ಇಳಿಯುವುದರೊಳಗೆ ಶಿವಪುತ್ರಯ್ಯ ಹಾವಿನ ಹಾಗೆ ನೆಲಕ್ಕಿಳಿದು ಹಿಮ್ಮಡಿ ಹಿಡಿದ. ಹಿಡಿದದ್ದು ಹೇಗೆಂದರೆ, ಕಾಶಪ್ಪನಿಗೆ ತನ್ನ ಕಾಲು ನೆಲದಲ್ಲಿ ಹೂತುಹೋಯಿತು ಎನಿಸಿತು. ಆಸಿಫ ಬಂದು ಹೆಗಲು ಕೊಡುವುದಕ್ಕೆ ಮೊದಲೇ ಮುದುಕ ಬೋರಲು ಬಿದ್ದಿದ್ದ. ಮೊಳಕಾಲು ಲಟಕ್ ಎಂದದ್ದು ಅವನಿಗೊಬ್ಬನಿಗೆ ಕೇಳಿಸಿತು. ಯಾರಿಗೂ ಹೇಳದೆ, ತೆವಳುತ್ತ ಮ್ಯಾಟಿನ ಅಂಚಿಗೆ ಬಂದು, ತನ್ನ ಎಂದಿನ ಜಾಗದಲ್ಲಿ ನೆಲಕ್ಕೆ ಕೂತು, "ನೋಡ್ಕೋತ ಏನ್ ನಿಂತೀ ಸಲ್ಮಾನ್ಯಾ? ನಿಮ್ಮವ್ವಗ ನಾ ಹೇಳ್ತೇನಿ, ಮೊದಲ ಒದ್ದಾವ ಕಾಶಪ್ಪ ಅಂತ. ಹೋಗು" ಎಂದ.

ಸಲ್ಮಾನ ಹೋದ. ಕಾಲು ಎದ್ದಿತು. ಬೀಸಿದ ರಭಸಕ್ಕೆ ಶಿವಪುತ್ರಯ್ಯ ಎದೆಗೆ ಹೊಡೆತ ತಿಂದು ಅಂಗಾತ ಬಿದ್ದ. ಬಿದ್ದವನು ಎದ್ದು ಕೂತ. ಹಣೆಯ ವಿಭೂತಿ ಬೆವರಿಗೆ ಕರಗಿ ಕೆನ್ನೆಗೆ ಇಳಿದಿತ್ತು. ಮುಖದ ತುಂಬ ನಗು.

"ಹಿಂಗಿರ್ತೈತೇನ್ರಿ ಅದು?" ಎಂದು ಕೇಳಿ, "ಮತ್ತ ಬಾರಪಾ" ಎಂದ.

ಆಮೇಲೆ ಬಿಸಿಲು ನೆತ್ತಿಗೆ ಬರುವ ತನಕ ಆಟ ನಡೆಯಿತು. ಒಬ್ಬೊಬ್ಬರೇ ಬಂದರು, ಒದ್ದರು. ಮೊದಮೊದಲು ಶಿವಪುತ್ರಯ್ಯನ ಕೈ ತಡವಾಗಿ ಬರುತ್ತಿತ್ತು. ಆಮೇಲೆ ಕಾಲು ನೆಲ ಬಿಡುವುದನ್ನು ಕಂಡ ಕೂಡಲೇ ಮೈ ಇಳಿಯತೊಡಗಿತು. ಸಲ್ಮಾನನನ್ನು ನಾಲ್ಕನೆಯ ಬಾರಿಗೆ ಹಿಡಿದ. ಬಾದಾಮಿಯವನನ್ನು ಬಂದ ಎರಡನೆಯ ಬಾರಿಗೇ. ಬಾಗಲಕೋಟೆಯವನು ಮಾತ್ರ ಕಡೆಯ ತನಕ ಸಿಗಲಿಲ್ಲ. ಅವನು ಎಡಕ್ಕೆ ಕಣ್ಣು ಹಾಕಿ ಬಲಕ್ಕೆ ಒದೆಯುತ್ತಿದ್ದ, ಅಂಥ ಮೋಸ ಶಿವಪುತ್ರಯ್ಯ ಕಂಡೇ ಇರಲಿಲ್ಲ. ಅನುರಾಧಾ ಫೋನನ್ನು ಜೇಬಿಗೆ ಹಾಕಿ, ಕಾಶಪ್ಪನ ಪಕ್ಕದಲ್ಲಿ ತಾನೂ ನೆಲಕ್ಕೆ ಕೂತಿದ್ದಳು.

"ಇಲ್ಲಿಂದ ಪಾದ ಭಾಳ ಚಂದ ಕಾಣ್ತಾವ್ರಿ ಕಾಕಾರ."

"ಎರಡೂ ಕಡೀದು ನೋಡ್ರಿ. ನಾ ಒಂದ ಕಡೀದ ನೋಡಿ ಕೆಟ್ಟೆ."

ನೀರು ಕುಡಿಯಲು ಬಿಟ್ಟಾಗ ಇಬ್ಬರೂ ಅಲ್ಲೇ ಮಾತು ಮುಗಿಸಿದರು. ಎರಡನೆಯ ಕೈಯನ್ನೂ ಎಣಿಸಿದ ಮೇಲೆ ಆಸಿಫ ಒಂದನೆಯವನೆಂದು ಅನುರಾಧಾ ತಾನಾಗಿಯೇ ಹೇಳಿದಳು. ದುರ್ಗಪ್ಪನನ್ನು ಎರಡನೆಯವನೆಂದು ಕಾಶಪ್ಪ ಒಪ್ಪಿದ. ಎಲ್ಲರೂ ಅವನ ಕಡೆಗೇ ಬಂದರೂ ಎದೆಗುಂದದೆ ಲೀಗಿನುದ್ದಕ್ಕೂ ನಿಂತವನು, ಅದೂ ಒಂದು ಗಟ್ಟಿತನವೇ ಎಂದ. ಮೂರನೆಯವನ ಮಾತು ಬಂದಾಗ ಇಬ್ಬರೂ ಮ್ಯಾಟಿನ ಕಡೆ ನೋಡಿದರು.

"ಮೂರನೇದು ಅಯ್ಯನೋರದು" ಎಂದಳು ಅನುರಾಧಾ. "ಮರ್ಯಾದಿಗೆ ಅಲ್ರಿ."

ಅವಳೇ ಕರೆದು ಹೇಳಿದಳು. ಶಿವಪುತ್ರಯ್ಯ ಎದೆಯ ಮೇಲೆ ಎದ್ದ ಕೆಂಪು ಬರೆಯನ್ನು ಉಜ್ಜಿಕೊಂಡ. "ಮೂರನೇದು" ಎಂದು ಎರಡು ಸಲ ತನ್ನಷ್ಟಕ್ಕೇ ಅಂದ. "ಒಂದನೇದಕ್ಕಿಂತ ಇದ ಭಾರ ಐತ್ರಿ ಅಜ್ಜಾರ. ಇದು ನಂದ."

ಆಗಲೇ ಎಲ್ಲರ ಕಣ್ಣು ಕಾಶಪ್ಪನ ಮೊಳಕಾಲಿಗೆ ಬಿದ್ದದ್ದು. ಅದು ಊದಿ ತೆಂಗಿನಕಾಯಿಯಷ್ಟಾಗಿತ್ತು. ಅನುರಾಧಾ ದವಾಖಾನೆಗೆ ಫೋನು ಹಚ್ಚುತ್ತೇನೆಂದಳು. ಸಲ್ಮಾನನೂ ಆಸಿಫನೂ ಎರಡು ಕಡೆಯಿಂದ ಬಗಲಿಗೆ ಕೈ ಹಾಕಲು ಬಂದರು. ಶಿವಪುತ್ರಯ್ಯ ಓಡಿಹೋಗಿ ಬೈಕನ್ನು ಮ್ಯಾಟಿನ ತನಕ ತಂದು, "ನನ್ನಿಂದ ಆಗಿದ್ದು, ನಾನ ಕರಕೊಂಡು ಹೋಗ್ತೇನ್ರಿ, ಹತ್ರಿ" ಎಂದ.

ಕಾಶಪ್ಪ ಬೇವಿನ ಗಿಡಕ್ಕೆ ಕೈಕೊಟ್ಟು ಒಂದೇ ಕಾಲಿನ ಮೇಲೆ ಎದ್ದು ನಿಂತ. ಟೊಪ್ಪಿಗೆ ಇಸಿದುಕೊಂಡು ತಲೆಗಿಟ್ಟ.

"ಯಾರೂ ಕೈ ಹಚ್ಚಬ್ಯಾಡ್ರಿ. ಗಾಡಿನೂ ಬ್ಯಾಡ, ದವಾಖಾನಿನೂ ಬ್ಯಾಡ, ಅಂಬವ್ವ ಎಣ್ಣಿ ಹಚ್ಚತಾಳ. ಓಣಿ ತುಂಬ ಕುಂಟಕೋತ ನಡದ ಹೋಗ್ತೇನಿ ನಾ. ಕಾಲಿಗೆ ಏನಾತೋ ಕಾಶಪ್ಪ ಅಂತ ಮಂದಿ ಕೇಳಬೇಕು. ಗುಡೂರ ಎಡ ಮೂಲಿಯಾವ ಹಿಡದಾನ, ಬಿಡಿಸಿಕೊಳ್ಳಾಕ ಆಗಲಿಲ್ಲ ಅಂತ ಒಬ್ಬೊಬ್ಬರಿಗೂ ನಿಂತು ಹೇಳಬೇಕು. ನೀವು ಹೊತಗೊಂಡು ಹ್ವಾದ್ರ ಯಾರ ಕೇಳ್ತಾರ? ಸರೀರಿ ಬಾಜೂಕ."